ಬಂಡಿಯಲ್ಲಿ ಕುಳಿತು ಬಾಗಿಲು ತಡೆದದ್ದು

ನಮ್ಮ ಕಡೆ ಮದುವೆ ಮುಗಿಸಿಕೊಂಡು ಗಂಡುಹೆಣ್ಣು ಮನೆಗೆ ಬಂದಾಗ ಗಂಡಿನ ಅಕ್ಕನೋ ತಂಗಿಯೋ ಹೊಸಲಿಗೆ ಅಡ್ಡ ನಿಲ್ಲುತ್ತಾಳೆ. ನಿಮಗೆ ಹುಟ್ಟುವ ಹೆಣ್ಣನ್ನು ನನ್ನ ಮಗನಿಗೆ ಕೊಡುತ್ತೇವೆ ಅಂತ ಮಾತು ಕೊಡಿ, ಆಮೇಲೆ ಬಾಗಿಲು ಬಿಡುತ್ತೇನೆ ಎಂದು ಹಟ ಹಿಡಿಯುತ್ತಾಳೆ. ಗಂಡಿಗೆ ನಾಚಿಕೆ, ಹೆಣ್ಣಿಗೆ ನಗು, ನೆಂಟರಿಗೆ ಮೋಜು. ಕೊಟ್ಟ ಮಾತನ್ನು ಮುಂದೆ ಯಾರೂ ನೆನಪಿಡುವುದಿಲ್ಲ. ಆದರೆ ನಾನು ಕಂಡ ಹಾಗೆ, ಬಾಗಿಲು ತಡೆಸಿಕೊಳ್ಳದೆ ನಮ್ಮ ಮನೆಗಳಿಗೆ ಯಾವ ಸೊಸೆಯೂ ಕಾಲಿಟ್ಟಿಲ್ಲ.

ನನ್ನ ತಮ್ಮನಿಗೆ ಒಡಹುಟ್ಟಿದವಳು ನಾನೊಬ್ಬಳೇ. ಆದರೂ ಅವನ ಮದುವೆ ಗೊತ್ತಾದಾಗ ಬಾಗಿಲು ತಡೆಯುವುದಕ್ಕೆ ಕಡಯಂಪಟ್ಟಿಯಲ್ಲಿರುವ ದೊಡ್ಡಪ್ಪನ ಮಗಳಿಗೆ ಹೇಳಿ ಕಳಿಸಿದರು. ಯಾಕೆ ಅಂತ ನನಗೆ ಯಾರೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಹಾಲು ಬಿಡುವ ವಯಸ್ಸಿನಲ್ಲಿ ಬಂದ ಜ್ವರ ನನ್ನ ಎರಡು ಕಾಲುಗಳ ಬಲವನ್ನೂ ತೆಗೆದುಕೊಂಡು ಹೋಗಿತ್ತು. ನಿಲ್ಲಲಾರದವಳು ಅಡ್ಡ ನಿಲ್ಲುವುದು ಹೇಗೆ? ಮದುವೆಯೇ ಆಗದವಳು ಯಾವ ಮಗನಿಗೆ ಹೆಣ್ಣು ಕೇಳುವುದು? ಮನೆಯವರ ಲೆಕ್ಕ ಅವರ ಮಟ್ಟಿಗೆ ಸರಿಯಾಗಿಯೇ ಇತ್ತು. ನನಗೆ ಮಾತ್ರ ಅದು ಒಪ್ಪಿಗೆಯಾಗಲಿಲ್ಲ. ನನ್ನ ತಮ್ಮನ ಬಾಗಿಲನ್ನು ನಾನೇ ತಡೆಯಬೇಕು ಎಂದು ಅವತ್ತೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ.

ಯಾಕೆಂದರೆ ಆ ಹೊತ್ತಿಗೆ ನನ್ನ ಹತ್ತಿರ ಬಂಡಿ ಬಂದಿತ್ತು.

ನಮ್ಮ ಊರು ಸೇಲಂ ಜಿಲ್ಲೆಯ ನಂಗವಳ್ಳಿಯಿಂದ ಇನ್ನೂ ಒಳಗೆ. ಮರಗೆಣಸಿನ ಹೊಲ, ಒಂದು ಹಿಂಡು ಕುರಿ, ಹೆಂಚಿನ ಮನೆ. ಹೊರಗೆ ತಮಿಳು, ಒಳಗೆ ಕನ್ನಡ. ನನಗೆ ಕನ್ನಡ ಅಕ್ಷರ ಕಲಿಸಿದವಳು ಕೊಳ್ಳೇಗಾಲದ ಕಡೆಯಿಂದ ಬಂದ ನನ್ನ ಚಿಕ್ಕಮ್ಮ. ಓಡಿಹೋಗದೆ ಕೂತಲ್ಲೇ ಕೂರುವ ಶಿಷ್ಯೆ ಇನ್ನೆಲ್ಲಿ ಸಿಗುತ್ತಾಳೆ ಎಂದು ಅವಳು ನಗುತ್ತಿದ್ದಳು. ಆಮೇಲೆ ಕೈಯಲ್ಲಿ ತಿರುಗಿಸುವ ಹೊಲಿಗೆ ಯಂತ್ರ ಕಲಿತೆ. ಊರಿನ ಅರ್ಧ ರವಿಕೆಗಳು ನನ್ನ ಕೈಯಲ್ಲೇ ಆಗುವುದು. ಯಾರು ದಪ್ಪಗಾದರು, ಯಾರು ಸಣ್ಣಗಾದರು ಎಂಬುದು ಊರಿನಲ್ಲಿ ಮೊದಲು ತಿಳಿಯುವುದು ನನಗೆ. ಕೂತ ಕಡೆ ನನಗೆ ಯಾವ ಕೊರತೆಯೂ ಇರಲಿಲ್ಲ. ಕೂತ ಕಡೆಯಿಂದ ಇನ್ನೊಂದು ಕಡೆಗೆ ಹೋಗಬೇಕೆಂದರೆ ಮಾತ್ರ ಅವ್ವ ಬರಬೇಕಾಗಿತ್ತು.

ಅವ್ವ ನನ್ನನ್ನು ಮೊದಲು ಸೊಂಟದ ಮೇಲೆ, ಆಮೇಲೆ ಬೆನ್ನ ಮೇಲೆ, ಆಮೇಲೆ ಎರಡು ಕೈಗಳಲ್ಲಿ ಎತ್ತಿಕೊಂಡು ತಿರುಗಿದವಳು. ಕುರಿಮರಿಯನ್ನು ಹೆಗಲಿಗೆ ಹಾಕಿಕೊಂಡು ಬೆಟ್ಟ ಇಳಿಯುವವಳಿಗೆ ಮಗಳು ಭಾರವೇ ಎನ್ನುವಳು. ಈಗೀಗ ಅವಳ ಮಂಡಿ ಏಳುವಾಗೊಮ್ಮೆ ಕೂರುವಾಗೊಮ್ಮೆ ಸದ್ದು ಮಾಡುತ್ತದೆ. ಆ ಸದ್ದು ಕೇಳಿದಾಗಲೆಲ್ಲ ನನ್ನ ಮುಖ ಸಣ್ಣದಾಗುತ್ತಿತ್ತು. ಅದಕ್ಕೇ ಸೇಲಂನಲ್ಲಿ ಕರೆಂಟಿನ ಗಾಲಿಕುರ್ಚಿ ಕೊಡುತ್ತಾರೆ ಎಂದು ಗೊತ್ತಾದಾಗ ತಮ್ಮನನ್ನು ಕಾಡಿ ಬೇಡಿ ಹೊರಡಿಸಿದೆ.

ಅಲ್ಲಿ ಸಿಕ್ಕ ಕುರ್ಚಿಗೇ ನಾವು ಬಂಡಿ ಎನ್ನುವುದು. ಅದನ್ನು ಓಡಿಸಲು ಕಲಿಸಿದವಳು ಒಬ್ಬ ತಮಿಳು ಹುಡುಗಿ. ಬಲಗೈ ಹತ್ತಿರ ಒಂದು ಪುಟ್ಟ ಪೆಟ್ಟಿಗೆ, ಅದರ ಮೇಲೆ ಹೆಬ್ಬೆರಳಿನಷ್ಟು ಕಡ್ಡಿ. ಕಡ್ಡಿಯನ್ನು ಎತ್ತ ಬಾಗಿಸಿದರೆ ಬಂಡಿ ಅತ್ತ ಹೋಗುತ್ತದೆ, ಕೈ ಬಿಟ್ಟರೆ ತಾನೇ ನಿಲ್ಲುತ್ತದೆ. ವೇಗದ ಗುಂಡಿಯ ಒಂದು ಕಡೆ ಆಮೆಯ ಚಿತ್ರ, ಇನ್ನೊಂದು ಕಡೆ ಮೊಲದ ಚಿತ್ರ. ಬ್ಯಾಟರಿ ಎಷ್ಟಿದೆ ಎಂದು ಹೇಳಲು ಹಸಿರು, ಹಳದಿ, ಕೆಂಪು ದೀಪಗಳು, ಪಕ್ಕದಲ್ಲಿ ಹಾರನ್ನಿನ ಗುಂಡಿ. ನಾನು ಮೊದಲ ಸಲವೇ ಮೊಲದ ಕಡೆಗೆ ತಿರುಗಿಸಿ ಗೋಡೆಗೆ ಗುದ್ದಿದೆ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಅನ್ನುತ್ತಾರಲ್ಲ, ಹಾಗೆ. "ಮೆದುವಾ ಅಕ್ಕಾ, ಮೆದುವಾ," ನಿಧಾನ, ನಿಧಾನ ಎಂದು ಆ ಹುಡುಗಿ ಹಿಂದೆಯೇ ಓಡಿ ಬಂದಳು.

ಅವಳು ಹೇಳಿದ ಎರಡು ಮಾತುಗಳನ್ನು ನಾನು ಗಟ್ಟಿ ಮಾಡಿಕೊಂಡು ಬಂದೆ. ನಿಂತಾಗಲೆಲ್ಲ ಮೊದಲು ಸ್ವಿಚ್ಚು ಆರಿಸಬೇಕು. ಹತ್ತುವಾಗಲೂ ಇಳಿಯುವಾಗಲೂ ಯಾರಾದರೂ ಎತ್ತುವಾಗಲೂ ಅದು ಆರಿರಬೇಕು, ಯಾಕೆಂದರೆ ಸೀರೆಯ ಸೆರಗು ತಗುಲಿದರೂ ಕಡ್ಡಿ ಬಾಗುತ್ತದೆ. ಎರಡನೆಯದು, ಹಿಂದೆ ಮೋಟರಿನ ಹತ್ತಿರ ಇರುವ ಎರಡು ಕೆಂಪು ಹಿಡಿಗಳ ವಿಷಯ. ಅವನ್ನು ಮೇಲೆ ಮಾಡಿದರೆ ಮೋಟರಿಗೂ ಗಾಲಿಗೂ ನಂಟು ಬಿಟ್ಟುಹೋಗುತ್ತದೆ. ಕೆಟ್ಟು ನಿಂತಾಗ ಬೇರೆಯವರು ತಳ್ಳಿಕೊಂಡು ಹೋಗಲಿ ಎಂದು ಮಾಡಿರುವ ಏರ್ಪಾಡು ಅದು. ಆದರೆ ಹಾಗೆ ಮಾಡಿದ ಮೇಲೆ ಬಂಡಿಗೆ ಬ್ರೇಕೇ ಇಲ್ಲ. ಇಳಿಜಾರಿನಲ್ಲಿ ಯಾವತ್ತೂ ಹಿಡಿ ಮೇಲಿರಬಾರದು.

ಬಂಡಿ ಮನೆಗೆ ಬಂದ ದಿನ ಹಬ್ಬವೇ ಆಯಿತು. ಅವ್ವನ ತಮ್ಮ, ಅಂದರೆ ನನ್ನ ಸೋದರಮಾವ, ಕುರಿ ಬಿಟ್ಟು ಓಡಿಬಂದ. ನಮ್ಮ ಜನಕ್ಕೆ ಕಂಬಳಿ ಅಂದರೆ ದೇವರಷ್ಟು ಭಕ್ತಿ. ಮದುಮಕ್ಕಳು ಕೂರುವುದು ಕಂಬಳಿಯ ಮೇಲೆ, ನ್ಯಾಯ ಹೇಳುವವರು ಕೂರುವುದೂ ಕಂಬಳಿಯ ಮೇಲೆ. ಅಷ್ಟು ದೊಡ್ಡ ಬಂಡಿಯಲ್ಲಿ ಅಕ್ಕನ ಮಗಳು ಬರಿದೇ ಕೂತಿದ್ದಾಳಲ್ಲ ಎಂದು ಮಾವನಿಗೆ ಅನ್ನಿಸಿತು. ಹೆಗಲ ಮೇಲಿದ್ದ ಕರಿ ಕಂಬಳಿಯನ್ನು ತೆಗೆದು ನನ್ನ ಮಡಿಲಿಗೂ ಕೈಗಳಿಗೂ ಸೇರಿಸಿ ಹೊದಿಸಿಯೇಬಿಟ್ಟ. ಎಲ್ಲರಿಗೂ ಹಸಿರು ದೀಪ ತೋರಿಸುವ ಸಡಗರದಲ್ಲಿ ನಾನು ಸ್ವಿಚ್ಚು ಆರಿಸಿರಲಿಲ್ಲ. ಕಂಬಳಿ ಕಡ್ಡಿಯ ಮೇಲೆ ಬಿತ್ತು. ಸುಕ್ಕು ಬಿಡಿಸಲು ಮಾವ ಮುಂದಿನಿಂದ ಅದನ್ನು ಜಗ್ಗಿದ. ಬಂಡಿ ಮುಂದಕ್ಕೆ ನುಗ್ಗಿತು. ನುಗ್ಗುವ ಟಗರನ್ನು ಹಗ್ಗ ಜಗ್ಗಿ ನಿಲ್ಲಿಸಿ ಅಭ್ಯಾಸವಾದ ಕೈ ಅವನದು, ಇನ್ನೂ ಬಲವಾಗಿ ಜಗ್ಗಿದ. ಜಗ್ಗಿದಷ್ಟೂ ಬಂಡಿ ಓಡಿತು. "ಬಿಡು ಮಾವಾ, ಬಿಡು!" ಎಂದು ನಾನು ಒಳಗಿನಿಂದ ಕೂಗುತ್ತಿದ್ದರೆ "ಇಡ್ಕೊಂಡಿವ್ನಿ ಮಗಾ, ಎದರ್ಬ್ಯಾಡ!" ಎಂದು ಅವನು ಹಿಂದೆ ಹಿಂದೆ ಸರಿಯುತ್ತಾ ಜಗ್ಗುತ್ತಲೇ ಇದ್ದ. ಕುರಿಗಳ ನೀರಿನ ತೊಟ್ಟಿಗೆ ಅವನು ಕುಂಡೆ ಊರಿ ಕೂತ ಮೇಲೆಯೇ ಕಂಬಳಿ ಬಿಟ್ಟದ್ದು. ನಡುವೆ ಬಂದ ಅವ್ವನ ಕಾಲ್ಬೆರಳಿನ ಮೇಲೆ ಗಾಲಿ ಹರಿದಿತ್ತು.

ಈಗ ಹೇಳುವಾಗ ನಗು ಬರುತ್ತದೆ. ಅವತ್ತು ಅವ್ವ ನಗಲಿಲ್ಲ.

"ಇದು ಬಂಡಿಯಲ್ಲ ಕಣ್ರೋ, ಆಯೋ ಗೂಳಿ," ಎಂದಳು. "ಕರೆಂಟೂ ಬ್ಯಾಡ ಗಿರೆಂಟೂ ಬ್ಯಾಡ. ಗಾಲಿ ಐತೆ, ನಂಗೆ ಕೈ ಐತೆ. ನಾನೇ ತಳ್ತೀನಿ."

ಕೆಂಪು ಹಿಡಿಗಳ ವಿಷಯವನ್ನು ತಮ್ಮ ಅವಳಿಗೆ ಹೇಳಿಕೊಟ್ಟುಬಿಟ್ಟ. ಅಲ್ಲಿಗೆ ಮುಗಿಯಿತು. ಬೆಳಗ್ಗೆ ಎದ್ದರೆ ಹಿಡಿ ಮೇಲೆ. ಅವ್ವ ತಳ್ಳುವಳು, ಅವ್ವ ನಿಲ್ಲಿಸುವಳು, ನಿಲ್ಲಿಸಿದ ಕಡೆ ಗಾಲಿಗೆ ಒಂದು ಕಲ್ಲು ಕೊಡುವಳು. ಅಷ್ಟು ದೂರ ಹೋಗಿ ತಂದ ಮೋಟರು ಸುಮ್ಮನೆ ಬಿದ್ದಿತ್ತು. ಹೊಲಿಯುವವಳನ್ನು ಕೇಳದೆ ಬಿಸಿಲಿಗೆ ತಳ್ಳುವಳು, ನಾನು ಯಾರದೋ ಜೊತೆ ಮಾತಾಡುತ್ತಿದ್ದರೆ ಅರ್ಧದಲ್ಲೇ ನೆರಳಿಗೆ ತಳ್ಳುವಳು. ನನಗೆ ಮೂಗಿನ ತುದಿಯಲ್ಲೇ ಕೋಪ, ಎಲ್ಲರಿಗೂ ಗೊತ್ತು. ಆದರೆ ಪ್ರೀತಿಯಿಂದ ತಳ್ಳುವವರ ಮೇಲೆ ಕೋಪ ಮಾಡಿಕೊಳ್ಳುವುದು ಹೇಗೆ ಎಂದು ನನಗೆ ತಿಳಿಯದೇ ಹೋಯಿತು.

ಹೀಗಿರುವಾಗ ತಮ್ಮನ ಮದುವೆ ಗೊತ್ತಾಯಿತು. ಹೆಣ್ಣು ತೊಪ್ಪೂರಿನ ಕಡೆಯವಳು. ನಾನು ತಮ್ಮನನ್ನು ಹಿಡಿದು ಕೇಳಿದೆ, "ಬಾಗಿಲು ನಾನು ತಡೀತೀನಿ. ಏನಂತೀಯಾ?"

"ಅವ್ವ ಒಪ್ಪುದ್ರೆ ಓಕೆ ಅಕ್ಕಾ," ಎಂದ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವನನ್ನು ಮೀರಿಸುವವರಿಲ್ಲ.

ಅವ್ವನನ್ನು ಕೇಳಿದೆ. ಅವಳು ಕುರಿಗೆ ಸೊಪ್ಪು ಹಾಕುತ್ತಿದ್ದವಳು ತಿರುಗಲೂ ಇಲ್ಲ. "ಅಷ್ಟು ಜನದ ಮಧ್ಯೆ ಆ ಬಂಡೀನಾ? ಕೂಸುಗಳಿರ್ತವೆ. ಒಸಾ ಎಣ್ಣಿನ ಕಾಲ ಮ್ಯಾಲೆ ಅರಿಸಿಬುಟ್ರೆ? ಬ್ಯಾಡ ಮಗಾ. ಪಕ್ಕದಾಗೆ ಕೂರುಸ್ತೀನಿ, ಚೆಂದಾಗಿ ನೋಡೀಯಂತೆ."

ಚೆಂದಾಗಿ ನೋಡುವುದನ್ನೇ ನಾನು ಹುಟ್ಟಿದಾಗಿನಿಂದ ಮಾಡಿಕೊಂಡು ಬಂದದ್ದು.

ಮರುದಿನದಿಂದ ಅವ್ವ ಕುರಿ ಹೊಡೆದುಕೊಂಡು ಹೋದದ್ದೇ ತಮ್ಮನಿಗೆ ಹೇಳಿ ಕೆಂಪು ಹಿಡಿಗಳನ್ನು ಕೆಳಗೆ ಮಾಡಿಸಿಕೊಳ್ಳುತ್ತಿದ್ದೆ. ನಡು ಕಟ್ಟುವ ಬೆಲ್ಟು ಬಿಗಿದುಕೊಂಡು, ಆಮೆಯ ಕಡೆಗೆ ತಿರುಗಿಸಿಕೊಂಡು, ಕಣದಲ್ಲಿ ಸುತ್ತು ಹೊಡೆಯುತ್ತಿದ್ದೆ. ಮೇಯಲು ಹೋಗದೆ ಉಳಿದ ಎಳೆಯ ಮರಿಗಳು ಅಡ್ಡ ಬರುತ್ತಿದ್ದವು. ಅವುಗಳಷ್ಟು ಒಳ್ಳೆಯ ಟ್ರಾಫಿಕ್ಕು ಸೇಲಂ ಬಸ್‌ಸ್ಟ್ಯಾಂಡಿನಲ್ಲೂ ಸಿಗಲಿಕ್ಕಿಲ್ಲ. ಯಾವುದು ಯಾವಾಗ ಎತ್ತ ನೆಗೆಯುತ್ತದೆ ಎಂದು ಅದರ ತಾಯಿಗೂ ಗೊತ್ತಿರುವುದಿಲ್ಲ. ಕಡ್ಡಿಯನ್ನು ಗಟ್ಟಿಯಾಗಿ ಹಿಡಿದವರ ಬಂಡಿ ಕುಡಿದವರ ಹಾಗೆ ಅತ್ತಿತ್ತ ಹೋಗುತ್ತದೆ, ಎರಡು ಬೆರಳಿನಲ್ಲಿ ಮೆಲ್ಲಗೆ ಮುಟ್ಟಿದರೆ ನೆಟ್ಟಗೆ ಹೋಗುತ್ತದೆ ಎಂದು ಕಲಿತೆ. ಹಿಂದಕ್ಕೆ ಹೋಗುವ ಮೊದಲು ಕತ್ತು ತಿರುಗಿಸಿ ನೋಡುವುದನ್ನು ಒಂದು ಕೋಳಿಯ ಬಾಲದ ಪುಕ್ಕ ಕಲಿಸಿತು. ಕೋಳಿಗೆ ಏನೂ ಆಗಲಿಲ್ಲ.

ಕಷ್ಟವಾದದ್ದು ಇಳಿಜಾರು. ಅಂಗಳದಿಂದ ಜಗಲಿಗೆ, ನಾವು ತಿಣ್ಣೆ ಎನ್ನುತ್ತೇವೆ, ತಮ್ಮ ಸಿಮೆಂಟಿನ ಇಳಿಜಾರು ಹಾಕಿಸಿದ್ದ. ಅದು ಮೇಲೆ ಹೋಗುತ್ತಾ ಕಡಿದಾಗಿತ್ತು. ಮೈಯನ್ನು ಮುಂದಕ್ಕೆ ಬಾಗಿಸಿ, ಓರೆಯಾಗದೆ ನೆಟ್ಟಗೆ ಹತ್ತಬೇಕು. ಇಳಿಯುವಾಗ ಬೆನ್ನು ಒರಗಿಸಿ ಆಮೆಗಿಂತಲೂ ನಿಧಾನ ಬರಬೇಕು. ಮೊದಲ ದಿನ ಅರ್ಧ ಹತ್ತಿ ಹೆದರಿ ಕೈ ಬಿಟ್ಟುಬಿಟ್ಟೆ. ಬಂಡಿ ಅಲ್ಲೇ, ಆ ಓರೆಯಲ್ಲೇ, ನೆಟ್ಟ ಕಂಬದ ಹಾಗೆ ನಿಂತುಕೊಂಡಿತು. ಜಾರಲಿಲ್ಲ, ಅಲ್ಲಾಡಲಿಲ್ಲ. ನಾನು ಕೂತೇ ಇದ್ದೆ. ಅಂಗಳ ಕೆಳಗೆ ಕಾಣುತ್ತಿತ್ತು, ಹಿಂದೆ ಯಾರೂ ಹಿಡಿದುಕೊಂಡಿರಲಿಲ್ಲ. ಅಷ್ಟು ಸುಖ ನನಗೆ ಬೇರೆ ಯಾವುದರಲ್ಲೂ ಸಿಕ್ಕಿರಲಿಲ್ಲ ಎಂದರೆ ಯಾರೂ ನಂಬಲಿಕ್ಕಿಲ್ಲ.

ಮದುವೆ ಹೆಣ್ಣಿನ ಊರ ಕಡೆ ನಡೆಯಿತು. ನನ್ನನ್ನು ಅವ್ವ ಎತ್ತಿಕೊಂಡೇ ವ್ಯಾನು ಹತ್ತಿಸಿದಳು, ಬಂಡಿ ಮನೆಯಲ್ಲೇ ಉಳಿಯಿತು. ತಾಳಿ ಕಟ್ಟಿ ಊಟವಾದದ್ದೇ ಸೊಸೆಯನ್ನು ಬರಮಾಡಿಕೊಳ್ಳುವ ಏರ್ಪಾಡಿಗೆಂದು ಅವ್ವ, ನಾನು, ಕಡಯಂಪಟ್ಟಿಯ ಅಕ್ಕ ಮೊದಲೇ ಹೊರಟು ಬಂದೆವು. ತೊಪ್ಪೂರು ಘಾಟಿನಲ್ಲಿ ಲಾರಿಗಳು ಇರುವೆ ಸಾಲಿನಂತೆ ಇಳಿಯುತ್ತಿದ್ದವು. ಒಂದೊಂದೂ ಗೇರಿನಲ್ಲಿ ನರಳಿಕೊಂಡು ನಿಧಾನವಾಗಿ ಇಳಿಯುವುದನ್ನು ನಾನು ಕಿಟಕಿಯಿಂದ ಮನಸ್ಸಿಟ್ಟು ನೋಡಿದೆ. ಗೇರು ಬಿಡಿಸಿ ಇಳಿಯುವವನಿಗೆ ಗತಿ ಇಲ್ಲ.

ಮನೆ ಮುಂದೆ ಚಪ್ಪರದಲ್ಲಿ ಜನವೋ ಜನ. ನಡುಮನೆಯಲ್ಲಿ ಜಮಖಾನೆ ಹಾಸುವುದಕ್ಕೆಂದು ಯಾರೋ ಬಂಡಿಯನ್ನು ಹೊರಗೆ ತಂದು ತಿಣ್ಣೆಯ ಮೇಲೆ, ಸರಿಯಾಗಿ ಇಳಿಜಾರಿನ ತಲೆಯಲ್ಲಿ ನಿಲ್ಲಿಸಿದ್ದರು. ತಳ್ಳಿ ತಂದಿದ್ದರಿಂದ ಎರಡು ಹಿಡಿಗಳೂ ಮೇಲೆ. ಗಾಲಿಗೆ ಒಂದು ಕಲ್ಲು. ಅವ್ವ ನನ್ನನ್ನು ಎತ್ತಿಕೊಂಡು ತಿಣ್ಣೆ ಹತ್ತಿದಳು, ಮಂಡಿ ಸದ್ದು ಮಾಡಿತು, ಕೂರಿಸಲು ಬಗ್ಗಿದಳು.

"ಅವ್ವಾ, ಬ್ಯಾಡ! ಇಡಿ ಮ್ಯಾಲೈತೆ, ನೋಡು," ಎಂದೆ.

"ಕಲ್ಲು ಕೊಟ್ಟವ್ರಲ್ಲ ಲೇ. ಏನಾಯ್ತದೆ?"

"ಮೊದ್ಲು ಕೆಳಿಕ್ಕೆ ಮಾಡ್ಸು. ಆಮ್ಯಾಲೆ ಕೂರ್ಸು."

"ಕೈ ಸೋತೋಯ್ತಾ ಐತೆ ಮಗಾ," ಎಂದು ಅವ್ವ ರೇಗಿದಳು. ನಾನು ಅವಳ ಕತ್ತನ್ನು ತಬ್ಬಿಕೊಂಡು ಬಿಡಲೇ ಇಲ್ಲ. ಹೀಗೆ ನಾವಿಬ್ಬರೂ ಜಗಳವಾಡುತ್ತಿರುವಾಗ ಅಡುಗೆಯವನು ಬಂದ. ದೊಡ್ಡ ಹಂಡೆ ಕೂರಿಸಲು ಅವನಿಗೆ ಒಲೆಗೆ ಮೂರನೆಯ ಕಲ್ಲು ಬೇಕಾಗಿತ್ತು. ಸುತ್ತ ನೋಡಿದ. ಗಾಲಿಯ ಕೆಳಗಿನ ಕಲ್ಲು ಅವನ ಅಳತೆಗೆ ಹೇಳಿ ಮಾಡಿಸಿದಂತಿತ್ತು. ಎತ್ತಿಕೊಂಡು ಹೋದ.

ಬಂಡಿ ಒಂದು ಗಳಿಗೆ ಯೋಚನೆ ಮಾಡಿತು. ಆಮೇಲೆ ತಾನೇ ಹೊರಟಿತು. ಇಳಿಜಾರಿನಲ್ಲಿ ಧಡಧಡನೆ ಉರುಳಿ, ಅಂಗಳ ದಾಟಿ, ಚಪ್ಪರದ ಬಾಳೆಕಂಬಕ್ಕೆ ಗುದ್ದಿ ನಿಂತಿತು. ಬಾಳೆಕಂಬ ಗೊನೆಯ ಸಮೇತ ಅದರ ಸೀಟಿನ ಮೇಲೆ ಒರಗಿತು. ಪುಣ್ಯಕ್ಕೆ ದಾರಿಯಲ್ಲಿ ಯಾರೂ ಇರಲಿಲ್ಲ. ಜನ ಮೊದಲು ಕಿರುಚಿದರು, ಆಮೇಲೆ ನಕ್ಕರು. "ಬಾಳೆಗೊನೆ ಸವಾರಿ ಒಂಟೈತೆ!" ಎಂದು ಯಾರೋ ಕೂಗಿದರು.

ಅವ್ವ ನಗಲಿಲ್ಲ. ನನ್ನನ್ನು ಇನ್ನೂ ಬಿಗಿಯಾಗಿ ಅವುಚಿಕೊಂಡಳು. ನಾನು ಕೂರಬೇಕಾಗಿದ್ದ ಜಾಗವನ್ನೇ ನೋಡುತ್ತಾ ನಿಂತಳು.

"ಅವ್ವಾ," ಎಂದೆ ಅವಳ ಕಿವಿಯ ಹತ್ತಿರ, "ನೀವು ತಳ್ಳಾಕೆ ಅಂತ ಮಾಡಿಟ್ಟಾಗ್ಲೇ ಅದು ಓಡೋದು. ನಾನು ಓಡುಸ್ದಾಗ ನಿಲ್ತದೆ. ಕೆಳಿಕ್ಕೆ ಓಗಿ ಕೂರ್ಸು, ತೋರುಸ್ತೀನಿ."

ಅವಳು ನನ್ನನ್ನು ಎತ್ತಿಕೊಂಡೇ ಇಳಿದಳು. ಕಡಯಂಪಟ್ಟಿಯ ಅಕ್ಕ ಬಾಳೆಕಂಬ ಎಬ್ಬಿಸಿ, ನಾನು ಹೇಳಿದ ಹಾಗೆ ಎರಡು ಹಿಡಿಗಳನ್ನೂ ಕೆಳಗೆ ಒತ್ತಿದಳು. ಅವ್ವ ಕೂರಿಸಿದಳು. ಬೆಲ್ಟು ಬಿಗಿದುಕೊಂಡೆ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ, ಸ್ವಿಚ್ಚು ಒತ್ತಿದೆ. ಹಸಿರು ದೀಪ. ಇಳಿಜಾರಿಗೆ ನೆಟ್ಟಗೆ ಮುಖ ಮಾಡಿ, ಮೈ ಮುಂದಕ್ಕೆ ಬಾಗಿಸಿ ಹತ್ತತೊಡಗಿದೆ. ಚಪ್ಪರದ ಜನವೆಲ್ಲ ಇತ್ತ ತಿರುಗಿತು. ಅತಿ ಕಡಿದಾದ ಜಾಗಕ್ಕೆ ಬಂದಾಗ ಕಡ್ಡಿ ಬಿಟ್ಟು ಎರಡೂ ಕೈಗಳನ್ನು ಮೇಲಕ್ಕೆತ್ತಿದೆ.

ಬಂಡಿ ನಿಂತಿತು.

ಅವ್ವ ಗಾಬರಿಯಾಗಿ ಕಲ್ಲು ಹುಡುಕತೊಡಗಿದಳು. "ಕಲ್ಲು ಬ್ಯಾಡ ಅವ್ವಾ. ಜಗ್ಗಿ ನೋಡು," ಎಂದೆ. ಅವಳು ಹಿಂದಿನಿಂದ ಹಿಡಿದು ಜಗ್ಗಿದಳು. ಕುರಿಯ ಹಿಂಡನ್ನು ತಡೆಯುವ ಕೈಗಳು, ಸಾಮಾನ್ಯ ಬಲವಲ್ಲ. ಬಂಡಿ ಕದಲಲಿಲ್ಲ. ಇನ್ನೊಮ್ಮೆ ಜಗ್ಗಿದಳು. ಆಮೇಲೆ ಕೈ ಬಿಟ್ಟು, ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಬೆವರೋ ಮತ್ತೇನೋ, ನಾನು ತಿರುಗಿ ನೋಡಲಿಲ್ಲ.

"ನಿನ್ನ ಬಂಡಿ ನಿಂಗೇ ತಿಳೀತದೆ," ಎಂದಳು. "ಬಾಗ್ಲಿಗೆ ನೀನೇ ಓಗು."

ಕಡಯಂಪಟ್ಟಿಯ ಅಕ್ಕನಿಗೆ ಇಬ್ಬರು ಗಂಡುಮಕ್ಕಳು, ಒಳ್ಳೆಯ ಮನಸ್ಸು, ಬಾಯಿ ತುಂಬ ಮಾತು. "ನಂಗೂ ನಿಂತು ನಿಂತು ಕಾಲು ಸೋತೈತೆ, ಕೂತೇ ತಡೆಯೋಳು ಸಿಕ್ಕಿದ್ದು ಒಳ್ಳೇದಾಯ್ತು," ಎಂದು ನಕ್ಕಳು. ಆಮೇಲೆ ಬಗ್ಗಿ ಮೆಲ್ಲಗೆ ಕೇಳಿದಳು, "ನಿಂಗೆ ಮಗ ಇಲ್ವಲ್ಲೇ, ಏನಂತ ಕೇಳ್ತೀಯಾ?"

"ನೋಡೋಣ," ಎಂದೆ. ನನಗೂ ಆಗ ಗೊತ್ತಿರಲಿಲ್ಲ.

ವಾಲಗದ ಸದ್ದು ಬೀದಿಯ ತಿರುವಿನಲ್ಲಿ ಕೇಳಿತು. ನಾನು ಒಳಗೆ ಹೋಗಿ ನಡುಮನೆಯಲ್ಲಿ ಬಂಡಿ ತಿರುಗಿಸಿ, ಹೊಸಲಿನ ಒಳಬದಿಗೆ ಬಂದು ನಿಂತೆ. ಆ ಕಡೆ ಈ ಕಡೆ ಗಾಲಿಗೂ ಬಾಗಿಲ ನಿಲುವಿಗೂ ನಡುವೆ ಎರಡು ಬೆರಳಿನಷ್ಟು ಜಾಗ. ನಮ್ಮ ವಂಶದಲ್ಲಿ ಯಾರೂ ಇಷ್ಟು ಭದ್ರವಾಗಿ ಬಾಗಿಲು ತಡೆದಿರಲಾರರು. ಸ್ವಿಚ್ಚು ಆರಿಸಿದೆ.

ತಮ್ಮ, ಅವನ ಹೆಂಡತಿ ಹೊಸಲ ಹೊರಗೆ ಬಂದು ನಿಂತರು. ಆರತಿ ತಟ್ಟೆ ಹಿಡಿದ ಅವ್ವ ಅವರ ಪಕ್ಕದಲ್ಲಿ. ನನ್ನನ್ನು ಅಲ್ಲಿ ನೋಡಿ ತಮ್ಮ ಬಾಯಿ ಬಿಟ್ಟ. ಹೆಣ್ಣು ನನ್ನ ಮುಖ ನೋಡಿದಳು, ಆಮೇಲೆ ಆಮೆ ಮೊಲದ ಚಿತ್ರವಿದ್ದ ಪೆಟ್ಟಿಗೆ ನೋಡಿದಳು. ಅವಳಿಗೆ ಅದು ತಮಾಷೆಯಾಗಿ ಕಂಡಿರಬೇಕು, ತುಟಿ ಕಚ್ಚಿ ನಗು ತಡೆದಳು.

"ಕೇಳಕ್ಕಾ, ಬೇಗ," ಎಂದ ತಮ್ಮ.

ಬಾಯಿಗೆ ಬಂದದ್ದನ್ನೇ ಹೇಳಿದೆ. "ನಂಗೆ ನಿಮ್ಮ ಮಗಳು ಬ್ಯಾಡ. ಈ ಮನ್ಯಾಗೆ ನನ್ನ ಕೇಳ್ದೆ ಯಾರೂ ನನ್ನ ಬಂಡಿ ಮುಟ್ಬಾರ್ದು. ತಳ್ಬಾರ್ದು, ಎಳೀಬಾರ್ದು, ಆ ಕೆಂಪು ಇಡಿ ಎತ್ಬಾರ್ದು. ಮಾತು ಕೊಡಿ, ಬಾಗ್ಲು ಬಿಡ್ತೀನಿ."

ತಮ್ಮ ಕೂಡಲೇ ತಲೆ ಆಡಿಸಿದ. ಹೆಣ್ಣು ಹಾಗೆ ಸುಲಭಕ್ಕೆ ಬಿಡುವವಳಲ್ಲ ಎಂದು ಅವತ್ತೇ ಗೊತ್ತಾಯಿತು. "ಕೇಳ್ದೆ ಮುಟ್ಟಲ್ಲ ಅಕ್ಕಾ," ಎಂದಳು. "ನೀವೂ ಅಷ್ಟೇ. ನಾನು ಕುದಿಯೋ ಸಾರು ಇಳಿಸ್ತಾ ಇದ್ರೆ ಆರನ್ ಒಡ್ದು ಅಡುಗೆಮನೆಗೆ ಬರ್ಬೇಕು."

ಜನವೆಲ್ಲ ಗೊಳ್ಳೆಂದು ನಕ್ಕಿತು. ನಾನೂ ನಕ್ಕು ಒಪ್ಪಿಕೊಂಡೆ. ಅಲ್ಲಿಗೆ ಶಾಸ್ತ್ರ ಮುಗಿಯಬೇಕಾಗಿತ್ತು. ಆದರೆ ನನ್ನ ಕೈ ಸ್ವಿಚ್ಚಿಗೆ ಹೋಗಲಿಲ್ಲ.

"ಅವ್ವಾ, ನೀನು?"

"ನಾನೂವೆ?" ಎಂದಳು ಅವ್ವ. "ಎತ್ತೋಳು ನಾನು, ಇಳ್ಸೋಳು ನಾನು. ಎತ್ತ ತಾಯಿ ನಿನ್ನ ಕೇಳ್ಬೇಕಾ?"

"ನೀನೇ ಮೊದ್ಲು ಕೇಳ್ಬೇಕವ್ವಾ."

ಅವಳು ಎಂದೂ ನನ್ನನ್ನು ಕೇಳಿದವಳಲ್ಲ. ಅದರಲ್ಲಿ ಪ್ರೀತಿ ಬಿಟ್ಟರೆ ಬೇರೆ ಏನೂ ಇರಲಿಲ್ಲ. ಅದಕ್ಕೇ ಆ ಮಾತು ನನಗೆ ಇಷ್ಟು ವರ್ಷ ಹೇಳಲು ಆಗಿರಲಿಲ್ಲ. ಅಷ್ಟು ಜನರ ಎದುರಿಗೆ, ಸೊಸೆ ಬರುವ ಹೊತ್ತಿಗೆ, ಹೆತ್ತವಳನ್ನು ಹೊಸಲಿನ ಹೊರಗೆ ನಿಲ್ಲಿಸಿದ್ದೆ. ಅವಳಿಗೆ ಅವಮಾನವಾಯಿತೇನೋ ಎಂದು ಒಳಗೇ ಹೆದರಿದೆ. ಆದರೂ ಬಂಡಿ ಸರಿಸಲಿಲ್ಲ.

ಅವ್ವ ನನ್ನನ್ನು ನೋಡುತ್ತಲೇ ಇದ್ದಳು. ಅವಳು ನನ್ನನ್ನು ಅಷ್ಟು ಹೊತ್ತು ಎದುರಿನಿಂದ ನೋಡಿದ್ದು ನನಗೆ ನೆನಪಿಲ್ಲ. ಯಾವಾಗಲೂ ನಾನು ಅವಳ ಬೆನ್ನ ಮೇಲೆ ಇರುತ್ತಿದ್ದೆ, ಇಲ್ಲವೇ ಅವಳು ನನ್ನ ಹಿಂದೆ ಇರುತ್ತಿದ್ದಳು. ಆರತಿಯ ತಟ್ಟೆಯನ್ನು ಬಲಗೈಯಿಂದ ಎಡಗೈಗೆ ಬದಲಾಯಿಸಿಕೊಂಡಳು.

"ಆಯ್ತು. ಕೇಳ್ತೀನಿ," ಎಂದಳು. ಆಮೇಲೆ ಸ್ವರ ತಗ್ಗಿಸಿ, ನೆರೆಮನೆಯವರ ಬಾಗಿಲಲ್ಲಿ ನಿಂತು ಕೇಳುವ ಹಾಗೆ ಕೇಳಿದಳು, "ಮಗಾ, ಸೊಸೇನ ಕರ್ಕೊಂಡು ಒಳಿಕ್ಕೆ ಬರ್ಲಾ?"

"ಬಾ ಅವ್ವಾ," ಎಂದೆ.

ಸ್ವಿಚ್ಚು ಒತ್ತಿದೆ. ಹಿಂದೆ ಕೂಸುಗಳು ಯಾರೂ ಇಲ್ಲವಷ್ಟೆ ಎಂದು ಕತ್ತು ತಿರುಗಿಸಿ ನೋಡಿದೆ. ಕಡ್ಡಿಯನ್ನು ಎರಡು ಬೆರಳಿನಲ್ಲಿ ನನ್ನ ಕಡೆಗೆ ಎಳೆದುಕೊಂಡು, ನಿಧಾನವಾಗಿ ಹಿಂದೆ ಸರಿದು ಅವರಿಗೆ ಬಾಗಿಲು ಬಿಟ್ಟೆ.